ಕೊಪ್ಪ ಸೀಮೆಯ ಹೆಸರುಗಳು: ಕಡತದಿಂದ ಮುಕ್ತ ತಂತ್ರಾಂಶದವರೆಗೆ

ಮಲೆನಾಡಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಊರು, ಜಮೀನು, ದತ್ತಿ, ಕಂದಾಯಗಳ ವಿವರವನ್ನು ಬರೆದಿಡುವ ರೂಢಿಗೆ ಹಲವು ಶತಮಾನಗಳ ಹಿನ್ನೆಲೆಯಿದ್ದು, ಕಲ್ಲು, ತಾಮ್ರ, ಓಲೆ, ಬಟ್ಟೆ, ಕಾಗದ ಮತ್ತು ಕೊನೆಗೆ ಗಣಕಯಂತ್ರ ಎಂದು ಬರಹದ ಆಧಾರ ಬದಲಾದ ಪ್ರತಿ ಸಲವೂ ಆ ವಿವರವನ್ನು ತುಂಬುವವರು ಹೊಸ ಸಾಧನದ ಮಿತಿಗಳೊಡನೆ ಹೆಣಗಬೇಕಾಯಿತು. ಇಂದು ದತ್ತಾಂಶ ಎಂದು ಕರೆಯುವ ವಸ್ತು, ಅಂದರೆ ಒಂದೇ ಕ್ರಮದಲ್ಲಿ ಜೋಡಿಸಿ ಮತ್ತೆ ಮತ್ತೆ ಹುಡುಕಿ ತೆಗೆಯಬಹುದಾದ ವಿವರಗಳ ರಾಶಿ, ಈ ಸೀಮೆಗೆ ಹೊಸದಲ್ಲ; ಹೊಸದಾದದ್ದು ಅದನ್ನು ನಿಭಾಯಿಸುವ ಸಾಧನ ಎಲ್ಲೋ ದೂರದಲ್ಲಿ, ಕನ್ನಡ ತಿಳಿಯದವರ ಕೈಯಲ್ಲಿ ಸಿದ್ಧವಾಗುವ ಪರಿಸ್ಥಿತಿ. ಹೀಗಿರುವಾಗ ಬಳಸುವವನು ಕಂಡ ತಪ್ಪು, ಸಾಧನವನ್ನು ತಯಾರಿಸಿದವನನ್ನು ತಲುಪುವ ದಾರಿ ಯಾವುದು, ತಲುಪಿದ ಮೇಲೆ ಅದು ಸಾಧನದೊಳಗೆ ಸೇರುವುದು ಹೇಗೆ ಎಂಬ ಪ್ರಶ್ನೆಯೇ ಕನ್ನಡ ಗಣಕೀಕರಣದ ಚರಿತ್ರೆಯ ತಿರುಳು, ಮತ್ತು ಆ ಚರಿತ್ರೆಯ ಬಹುಪಾಲು ತೊಡಕುಗಳನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ನಾರ್ವೆ ಎಂಬ ಈ ಸೀಮೆಯ ನಾಲ್ಕು ಊರ ಹೆಸರುಗಳಲ್ಲೇ ಗುರುತಿಸಬಹುದು.

ಕಡತವೆಂದರೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿಯನ್ನು ಬಳಿದು ಗಟ್ಟಿಮಾಡಿದ ಕಪ್ಪು ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿದ ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಡವಾದುದನ್ನು ಅಳಿಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳನ್ನು ಇತಿಹಾಸಕಾರ ಎ. ಕೆ. ಶಾಸ್ತ್ರಿ ಅವರು ಅಭ್ಯಸಿಸಿ ಬೆಳಕಿಗೆ ತಂದಿರುವುದರಿಂದ, ಮಠದ ಭೂಮಿ, ಆದಾಯ, ಉಂಬಳಿ, ಪತ್ರವ್ಯವಹಾರಗಳು ಎಷ್ಟು ಶಿಸ್ತಿನಿಂದ ದಾಖಲಾಗುತ್ತಿದ್ದವು ಎಂಬುದು ಇಂದಿನ ಓದುಗರಿಗೂ ತಿಳಿಯುವಂತಾಗಿದೆ. ಕಡತದ ಗುಣವನ್ನು ಇಲ್ಲಿ ನೆನೆಯಲು ಕಾರಣವಿದೆ: ಬರೆಯುವ ಶಾನುಭೋಗನೇ ಅದರ ನಮೂನೆಯನ್ನು ನಿರ್ಧರಿಸುತ್ತಿದ್ದನು, ಹೊಸ ಬಗೆಯ ತೆರಿಗೆಯೋ ಹೊಸ ಬಗೆಯ ಜಮೀನೋ ಎದುರಾದರೆ ಹೊಸ ಸಾಲೊಂದನ್ನು ತಾನೇ ಸೇರಿಸಿಕೊಳ್ಳುತ್ತಿದ್ದನು. ಸಾಧನವನ್ನು ಬಳಸುವವನೂ ಅದನ್ನು ತಿದ್ದುವವನೂ ಒಬ್ಬನೇ ಆಗಿದ್ದ ಕಾಲವದು. ಕೊರತೆಯನ್ನು ಇನ್ನೊಬ್ಬರಿಗೆ ತಿಳಿಸಬೇಕಾದ ಅಗತ್ಯವೇ ಇರಲಿಲ್ಲ.

ಅಚ್ಚಿನ ಯುಗದಲ್ಲಿ ಈ ಎರಡು ಕೆಲಸಗಳು ಬೇರೆಯಾದವು. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಆರನೆಯ ಸಂಪುಟ ಆಗಿನ ಕಡೂರು ಜಿಲ್ಲೆಗೆ ಮೀಸಲಾಗಿ 1901ರಲ್ಲಿ ಪ್ರಕಟವಾಯಿತು. ವಿಜಯನಗರದ ಹರಿಹರ ಮತ್ತು ಅವನ ಸಹೋದರರು 1346ರಲ್ಲಿ ಮಾಡಿದ ದತ್ತಿಯ ಶಾಸನವೂ ಸೇರಿದಂತೆ ಶೃಂಗೇರಿ ಜಹಗೀರಿನ ಶಾಸನಗಳೂ ಕೊಪ್ಪ ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಸಂಕ್ಷೇಪ ಮತ್ತು ಕ್ರಮಸಂಖ್ಯೆಯನ್ನು ಕೊಟ್ಟು, ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದಗಳನ್ನು ಪ್ರತ್ಯೇಕವಾಗಿ ಜೋಡಿಸಿದ ಆ ವ್ಯವಸ್ಥೆ, ಇಂದಿನ ಅರ್ಥದಲ್ಲಿಯೂ ಒಂದು ದತ್ತಾಂಶಕೋಶವೇ ಸರಿ. ಆದರೆ ಅಚ್ಚಾದ ಸಂಪುಟವನ್ನು ಓದುಗನು ತಿದ್ದಲಾರ. ಅದೇ ಮಾಲೆಯಲ್ಲಿ 1889ರಲ್ಲಿ 144 ಶಾಸನಗಳೊಡನೆ ಬಂದ ಶ್ರವಣಬೆಳಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 500 ಶಾಸನಗಳೊಡನೆ ಹೊರತಂದದ್ದು 1923ರಲ್ಲಿ, ಅಂದರೆ ಬಿಟ್ಟುಹೋದುದು ಸೇರಲು, ತಪ್ಪಿದ್ದು ಸರಿಹೋಗಲು 34 ವರ್ಷ ಬೇಕಾಯಿತು.

ಗಣಕಯಂತ್ರ ಕನ್ನಡಕ್ಕೆ ಬಂದಾಗ ಎದುರಾದ ಮೊದಲ ಅಡ್ಡಿ ಸ್ಥಳಾಭಾವ. ಆರಂಭದ ಕನ್ನಡ ಫಾಂಟುಗಳು ಆಸ್ಕಿ ಎಂಬ ಇಂಗ್ಲಿಷ್ ಸಂಕೇತಕ್ರಮದ ವಿಸ್ತೃತ ರೂಪವನ್ನು ಆಶ್ರಯಿಸಿದ್ದು, ಅದರಲ್ಲಿ ಹೆಚ್ಚೆಂದರೆ 256 ಸ್ಥಾನಗಳಿದ್ದವು. ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಸೇರಿಸಿದರೆ ಸಾವಿರಾರು ರೂಪಗಳಾಗುವ ಕನ್ನಡವನ್ನು ಅಷ್ಟರಲ್ಲಿ ಹಿಡಿಸಲು ಅಕ್ಷರವನ್ನು ತಲೆಕಟ್ಟು, ಕೊಂಬು, ಒತ್ತು, ದೀರ್ಘ ಎಂಬ ತುಂಡುಗಳಾಗಿ ಒಡೆದು, ಒಂದೊಂದು ತುಂಡನ್ನು ಒಂದೊಂದು ಇಂಗ್ಲಿಷ್ ಅಥವಾ ಐರೋಪ್ಯ ಚಿಹ್ನೆಯ ಜಾಗದಲ್ಲಿ ಕೂರಿಸಲಾಯಿತು. ಕೊಪ್ಪ ತಾಲ್ಲೂಕಿನ ನಾರ್ವೆ ಎಂಬ ಊರ ಹೆಸರನ್ನು ಈ ಕ್ರಮದಲ್ಲಿ ಬರೆದರೆ ಯಂತ್ರದ ಸ್ಮರಣೆಯಲ್ಲಿ ಉಳಿಯುತ್ತಿದ್ದುದು ಪೌಂಡ್ ನಾಣ್ಯದ ಚಿಹ್ನೆಯಿಂದ ಮೊದಲಾಗುವ ಅರ್ಥವಿಲ್ಲದ ಗುರುತುಗಳ ಸಾಲು. ತಕ್ಕ ಫಾಂಟು ಇದ್ದಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತಿತ್ತು. ಇದಕ್ಕಿಂತ ಸೂಕ್ಷ್ಮವಾದ ತೊಡಕು ಅರ್ಕಾವತ್ತಿನದು. ನಾರ್ವೆ ಎಂದು ಉಚ್ಚರಿಸುವಾಗ ರಕಾರ ಮೊದಲು, ವಕಾರ ಆಮೇಲೆ; ಬರೆಯುವಾಗಲಾದರೋ ವೆ ಎಂಬುದನ್ನು ಮೊದಲು ಬರೆದು ಅದರ ಬಲಕ್ಕೆ ಅರ್ಕಾವತ್ತನ್ನು ಹಾಕುವುದು ವಾಡಿಕೆ. ಆಸ್ಕಿ ಕಾಲದ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನೇ ಶೇಖರಿಸುತ್ತಿದ್ದುದರಿಂದ, ಹುಡುಕುವ ಮತ್ತು ಅಕಾರಾದಿಯಾಗಿ ಜೋಡಿಸುವ ಕೆಲಸಕ್ಕೆ ಯಂತ್ರ ನಿಂತೊಡನೆ ನಾರ್ವೆ ತಾನಿರಬೇಕಾದ ಸ್ಥಾನದಲ್ಲಿ ಸಿಗುತ್ತಿರಲಿಲ್ಲ.

ಈ ಹಂತದ ಸಾಧನೆಯನ್ನು ಕಡೆಗಣಿಸುವುದು ಸರಿಯಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು, ಇಂಗ್ಲಿಷ್ ಕೀಲಿಮಣೆಯ 26 ಅಕ್ಷರಗಳ ಕೀಲಿಗಳಿಂದಲೇ ಕನ್ನಡದ ಎಲ್ಲ ಅಕ್ಷರಗಳನ್ನು ಉಚ್ಚಾರಣೆಯ ತರ್ಕದಂತೆ ಮೂಡಿಸುವ ವಿನ್ಯಾಸವನ್ನು ರೂಪಿಸಿ, ಅದರ ಮೇಲೆ ಯಾವ ಒಡೆತನವನ್ನೂ ಸಾಧಿಸದೆ ಬಿಟ್ಟುಕೊಟ್ಟರು. ಅಕ್ಷರಗಳನ್ನು ಬೆಸೆಯಲು ಎಫ್ ಕೀಲಿಯನ್ನು ಒತ್ತುವ ಆ ಕ್ರಮವನ್ನು ಕೆಲವು ಮಾರ್ಪಾಟುಗಳೊಡನೆ ಕರ್ನಾಟಕ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೆ ತಲುಪಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬಿಡುಗಡೆ ಮಾಡಿದ ಬರಹ ತಂತ್ರಾಂಶವಂತೂ ಕನ್ನಡದ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಂತೆ ಒತ್ತಿದರೆ ಸಾಕಾಗುವ ಲಿಪ್ಯಂತರ ಕ್ರಮವನ್ನು ತಂದು, ಬೆರಳಚ್ಚು ಕಲಿಯದ ಲಕ್ಷಾಂತರ ಜನರ ಕೈಗೆ, ಅದರಲ್ಲೂ ಹೊರನಾಡಿನ ಕನ್ನಡಿಗರ ಕೈಗೆ ತಾಯ್ನುಡಿಯನ್ನು ಮರಳಿಸಿತು. ಬೆರಳಚ್ಚು ಕಲಿತವರು, ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸವನ್ನು ಕಲಿತವರು, ಏನನ್ನೂ ಕಲಿಯದವರು ಎಂಬ ಮೂರು ಬಗೆಯ ಬಳಕೆದಾರರ ಬೇಡಿಕೆಗಳು ಬೇರೆ ಬೇರೆಯಾಗಿದ್ದು, ಒಂದೇ ವಿನ್ಯಾಸವನ್ನು ಎಲ್ಲರ ಮೇಲೆ ಹೊರಿಸುವ ಬದಲು ಆಯ್ಕೆಯನ್ನು ಬಳಸುವವರಿಗೇ ಬಿಡಬೇಕೆಂಬ ತಿಳಿವಳಿಕೆ ಮೂಡಿದ್ದು ಈ ಅನುಭವದಿಂದಲೇ. ಆಮೇಲಿನ ವರ್ಷಗಳಲ್ಲಿ ವಿಕಿಪೀಡಿಯದ ಬೆರಳಚ್ಚು ವ್ಯವಸ್ಥೆ ಲಿಪ್ಯಂತರ, ಇನ್‌ಸ್ಕ್ರಿಪ್ಟ್, ಗಣಕ ಪರಿಷತ್ತಿನ ವಿನ್ಯಾಸ ಮೂರನ್ನೂ ಒಟ್ಟಿಗೆ ಇರಿಸಿಕೊಂಡದ್ದು ಈ ತಿಳಿವಳಿಕೆಯ ಮುಂದುವರಿಕೆ.

ಆದರೂ ಒಂದು ಕೊರತೆ ಉಳಿದೇ ಇತ್ತು. ಉಚಿತವಾಗಿ ದೊರೆಯುವ ತಂತ್ರಾಂಶವೆಲ್ಲ ಮುಕ್ತ ತಂತ್ರಾಂಶವಲ್ಲ. ಮುಕ್ತ ತಂತ್ರಾಂಶವೆಂದರೆ ಅದರ ಆಕರ ಸಂಕೇತ, ಅಂದರೆ ತಂತ್ರಜ್ಞ ಬರೆದ ಮೂಲ ಪಾಠ, ಯಾರಾದರೂ ಓದಲು, ಬದಲಿಸಲು, ಬದಲಿಸಿದ್ದನ್ನು ಹಂಚಲು ತೆರೆದಿರುವಂಥದು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯಿಂದ ಈ ವಿಚಾರ ಜಗತ್ತಿನಲ್ಲಿ ಬೇರೂರಿತು. ಮುಚ್ಚಿದ ತಂತ್ರಾಂಶದ ಬಳಕೆದಾರನು ದೋಷವನ್ನು ಕಂಡರೆ ತಯಾರಕನಿಗೆ ತಿಳಿಸಿ ಕಾಯಬಹುದಷ್ಟೆ. ಕನ್ನಡದಂಥ ಭಾಷೆಯ ದೋಷ ದೊಡ್ಡ ಕಂಪನಿಗಳ ಆದ್ಯತೆಯ ಪಟ್ಟಿಯಲ್ಲಿ ಮೇಲಕ್ಕೆ ಬರುವುದು ಅಪರೂಪವಾದ್ದರಿಂದ ಆ ಕಾಯುವಿಕೆ ದೀರ್ಘವಾಗುತ್ತಿತ್ತು. ಈ ಅಪಾಯವನ್ನು ಸಾಹಿತ್ಯವಲಯದಲ್ಲಿ ಬಹಳ ಮುಂಚೆಯೇ ಮನಗಂಡವರು ಕೆ. ಪಿ. ಪೂರ್ಣಚಂದ್ರ ತೇಜಸ್ವಿ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ಮಗನಾಗಿ, ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಅವರು ತಮ್ಮ ಕೊನೆಯ ವರ್ಷಗಳ ಗಮನಾರ್ಹ ಭಾಗವನ್ನು ಕನ್ನಡ ತಂತ್ರಾಂಶದ ಚಿಂತನೆಗೆ ಕೊಟ್ಟು, ಗಣಕಯಂತ್ರದಲ್ಲಿ ಪೂರ್ಣವಾಗಿ ನೆಲೆಯೂರದ ಭಾಷೆಗೆ ಮುಂದಿನ ದಿನಗಳು ಕಷ್ಟವೆಂದು ಎಚ್ಚರಿಸುತ್ತ, ಯೂನಿಕೋಡಿನ ಪರವಾಗಿ ನಿಂತರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕುವೆಂಪು ಹೆಸರಿನಲ್ಲಿ ತಂತ್ರಾಂಶವೊಂದನ್ನು ಹೊರತರುವುದರ ಹಿಂದೆ ಅವರ ಒತ್ತಾಸೆಯಿತ್ತು. 2007ರಲ್ಲಿ ಅವರು ತೀರಿಕೊಂಡಾಗ ಈ ಕೆಲಸ ಇನ್ನೂ ಅರ್ಧದಾರಿಯಲ್ಲಿತ್ತು. ಲೇಖಕನೊಬ್ಬನು ತನ್ನ ಭಾಷೆಯ ಸಾಧನಗಳ ಬಗ್ಗೆ ಬಳಕೆದಾರನ ನೆಲೆಯಿಂದ ಇಷ್ಟು ಗಟ್ಟಿಯಾಗಿ ಮಾತನಾಡಿದ ಉದಾಹರಣೆ ಭಾರತೀಯ ಭಾಷೆಗಳಲ್ಲಿ ವಿರಳ.

ಯೂನಿಕೋಡ್ ಎಂಬುದು ಜಗತ್ತಿನ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಪ್ರತ್ಯೇಕ ಸಂಖ್ಯೆಯನ್ನು ಕೊಡುವ ಸಂಕೇತಕ್ರಮ. 1991ರ ಅದರ ಮೊದಲ ಆವೃತ್ತಿಯಲ್ಲೇ, ಭಾರತದ ಇಸ್ಕಿ ಮಾನಕವನ್ನು ಆಧರಿಸಿ, ಕನ್ನಡಕ್ಕೆ ಸ್ಥಾನ ದೊರೆಯಿತು. ಇಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಶೇಖರವಾಗುತ್ತವೆ, ಅರ್ಕಾವತ್ತನ್ನು ಬಲಕ್ಕೆ ಸರಿಸಿ ತೋರಿಸುವ ಹೊಣೆ ಫಾಂಟಿನದು ಮತ್ತು ಅಕ್ಷರಜೋಡಣೆಯ ತಂತ್ರಾಂಶದ್ದು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಮೈಕ್ರೋಸಾಫ್ಟ್ ಕೊಟ್ಟ ಕನ್ನಡ ಫಾಂಟಿನ ಹೆಸರು ತುಂಗಾ. ಶೃಂಗೇರಿಯ ನದಿಯ ಹೆಸರು ಹೊತ್ತ ಈ ಫಾಂಟಿನಲ್ಲೇ ಅನೇಕ ಕನ್ನಡಿಗರು ಯೂನಿಕೋಡ್ ಕನ್ನಡವನ್ನು ಮೊದಲ ಬಾರಿಗೆ ಕಂಡರು. ಆದರೆ ಮಾನಕವೂ ದೋಷಮುಕ್ತವಾಗಿರಲಿಲ್ಲ. ಹಳಗನ್ನಡದ ೞ ಅಕ್ಷರಕ್ಕೆ ಅದರಲ್ಲಿ ಇಂಗ್ಲಿಷಿನ ಫ ಧ್ವನಿಯ ಹೆಸರು ತಪ್ಪಾಗಿ ಅಂಟಿಕೊಂಡಿತ್ತು. ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂಬ ನಿಯಮವಿರುವುದರಿಂದ, ತಪ್ಪನ್ನು ಒಪ್ಪಿ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಯಿತು. ಜ಼, ಫ಼ಗಳನ್ನು ಬರೆಯಲು ಬೇಕಾದ ನುಕ್ತಾ ಚಿಹ್ನೆ ಮತ್ತು ಅವಗ್ರಹ 2003ರ ನಾಲ್ಕನೆಯ ಆವೃತ್ತಿಯವರೆಗೂ ಇರಲಿಲ್ಲ. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಲ್ಲು, ಅಂದರೆ ಸ್ವರವಿಲ್ಲದ ನಕಾರ, 2021ರಲ್ಲಿ, ಕನ್ನಡ ಲಿಪಿಯಲ್ಲಿ ಕೊಂಕಣಿ ಬರೆಯುವವರಿಗೆ ಬೇಕಾದ ಅನುನಾಸಿಕ ಚಿಹ್ನೆ 2022ರಲ್ಲಿ ಸೇರಿದವು. ಇಂಥ ಸೇರ್ಪಡೆಗಳ ಹಿಂದೆ ಪುರಾವೆಯೊಡನೆ ಮಾನಕ ಸಮಿತಿಗೆ ಬರೆದುಕೊಂಡ ಮನವಿಗಳಿವೆ. ಸಾಮಾನ್ಯ ಆಸಕ್ತರೂ ಸಾಕ್ಷ್ಯ ಒದಗಿಸಿ ಮಾನಕವನ್ನು ಬದಲಿಸಬಹುದು ಎಂಬುದನ್ನು ಕನ್ನಡಿಗರು ಸಾಧಿಸಿ ತೋರಿಸಿದ ಸಂಗತಿ ಹೆಚ್ಚಿನ ಪ್ರಚಾರಕ್ಕೆ ಅರ್ಹವಾಗಿದೆ.

ಇವೆಲ್ಲಕ್ಕಿಂತ ಹೆಚ್ಚು ಕಾಲ ಕಾಡಿದ್ದು ಮತ್ತೆ ಅರ್ಕಾವತ್ತೇ. ಕಾರ್ಯ, ಸೂರ್ಯ ಎಂಬಲ್ಲಿ ಅರ್ಕಾವತ್ತು ಸರಿಯಾದರೆ, ರ‍್ಯಾಂಕ್, ರ‍್ಯಾಲಿ ಎಂಬಂಥ ಎರವಲು ಪದಗಳಲ್ಲಿ ರಕಾರವನ್ನು ಪೂರ್ಣವಾಗಿ ಬರೆದು ಯಕಾರವನ್ನು ಒತ್ತಾಗಿ ಕೊಡುವುದು ರೂಢಿ. ಅಕ್ಷರಗಳ ಅನುಕ್ರಮ ಎರಡರಲ್ಲೂ ಒಂದೇ ಆದ್ದರಿಂದ ಯಂತ್ರಕ್ಕೆ ವ್ಯತ್ಯಾಸ ತಿಳಿಸಲು ನಡುವೆ ಕಣ್ಣಿಗೆ ಕಾಣದ ಬೆಸುಗೆ ಚಿಹ್ನೆಯೊಂದನ್ನು ಸೇರಿಸಬೇಕಾಯಿತು. ಆ ಚಿಹ್ನೆ ವಿರಾಮಕ್ಕಿಂತ, ಅಂದರೆ ವ್ಯಂಜನದ ಸ್ವರವನ್ನು ಕಳೆಯುವ ಗುರುತಿಗಿಂತ, ಮೊದಲು ಬರಬೇಕೋ ಆಮೇಲೆ ಬರಬೇಕೋ ಎಂಬ ವಿಷಯದಲ್ಲಿ ಹಳೆಯ ಬಳಕೆ ಒಂದು ಬಗೆಯಾಗಿ, ಮಾನಕದ ವಿಧಿ ಇನ್ನೊಂದು ಬಗೆಯಾಗಿ ನಿಂತಿದ್ದರಿಂದ, ಹಿಂದೆ ಬರೆದ ಪಠ್ಯಗಳು ಹೊಸ ವ್ಯವಸ್ಥೆಯಲ್ಲಿ ತಪ್ಪಾಗಿ ಮೂಡತೊಡಗಿದವು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್‌ಗಳೆಲ್ಲ ಅಕ್ಷರಜೋಡಣೆಗೆ ನೆಚ್ಚಿರುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶಕ್ಕೆ ಈ ದೋಷ ವರದಿಯಾದಾಗ, ಹಳೆಯ ಅನುಕ್ರಮವನ್ನೂ ಹೊಸದರಂತೆಯೇ ತೋರಿಸುವ ವಿಶೇಷ ನಿಯಮವೊಂದನ್ನು ಕನ್ನಡಕ್ಕಾಗಿಯೇ ಅದರ ಆಕರ ಸಂಕೇತದಲ್ಲಿ ಬರೆಯಲಾಯಿತು, ಹಾಗೇಕೆ ಮಾಡಲಾಗಿದೆ ಎಂಬ ವಿವರಣೆಯೂ ಅಲ್ಲಿಯೇ ಇದೆ. ಕೋಟ್ಯಂತರ ಫೋನುಗಳಲ್ಲಿ ಒಂದು ಒತ್ತಕ್ಷರ ಸರಿಯಾಗಿ ಕಾಣುವುದಕ್ಕೆ ಇಂಥ ಕೆಲವು ಸಾಲುಗಳು ಕಾರಣ. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಕೇದಗೆ ಮತ್ತು ಮಲ್ಲಿಗೆ, ರೆಡ್ ಹ್ಯಾಟ್ ಕಂಪನಿಯ ಲೋಹಿತ್, ಅರವಿಂದ ವಿ. ಕೆ. ಅವರ ಗುಬ್ಬಿ ಮತ್ತು ನವಿಲು ಮುಂತಾದ ಮುಕ್ತ ಫಾಂಟುಗಳು ಹದಗೊಂಡದ್ದೂ ಇದೇ ದಾರಿಯಲ್ಲಿ. ಅರವಿಂದ ಅವರೇ ಮುಕ್ತವಾಗಿ ಬಿಡುಗಡೆ ಮಾಡಿದ, ಆಸ್ಕಿಯಿಂದ ಯೂನಿಕೋಡಿಗೆ ಪಠ್ಯವನ್ನು ಬದಲಿಸುವ ಪರಿವರ್ತಕ, ಕೊನೆಯಲ್ಲಿರುವ ಅರ್ಕಾವತ್ತನ್ನು ಎತ್ತಿ ವಕಾರದ ಮುಂದಕ್ಕೆ ತಂದು ನಾರ್ವೆಯನ್ನು ಅದರ ಉಚ್ಚಾರಣೆಯ ಕ್ರಮಕ್ಕೆ ಮರಳಿಸುವಂಥ ಕೆಲಸವನ್ನು ಮಾಡುತ್ತದೆ. ನುಡಿ, ಬರಹಗಳ ಕಾಲದಲ್ಲಿ ಬೆರಳಚ್ಚಾದ ಅಪಾರ ಸಾಹಿತ್ಯ ಹುಡುಕಲು ಸಿಗುವ ದತ್ತಾಂಶವಾಗಿ ಮರುಹುಟ್ಟು ಪಡೆದದ್ದು ಇಂಥ ಪರಿವರ್ತಕಗಳ ಮೂಲಕ; ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದವಾರು ಹುಡುಕಿಕೊಡುವ ವಚನ ಸಂಚಯ ಯೋಜನೆ ಈ ಸಾಧ್ಯತೆಯ ದೊಡ್ಡ ಫಲ.

ಸರ್ಕಾರದ ದಾಖಲೆಗಳ ಕಡೆಗೆ ನೋಡಿದರೆ, ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, 2002ರ ಹೊತ್ತಿಗೆ ಕರ್ನಾಟಕದ ಎಲ್ಲ ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿಯನ್ನು ರೈತನ ಕೈಗಿಟ್ಟ ಭೂಮಿ ಯೋಜನೆ ಬಹಳ ದೊಡ್ಡ ಹೆಜ್ಜೆ. ಪಹಣಿ ಎಂದರೆ ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಹಕ್ಕುದಾರ, ಬೆಳೆ ಮುಂತಾದ ವಿವರಗಳ ಪತ್ರಿಕೆ. ಇಡೀ ರಾಜ್ಯಕ್ಕೆ ಒಂದೇ ನಮೂನೆಯನ್ನು ಹಾಕಿದಾಗ ಖುಷ್ಕಿ, ತರಿ, ಬಾಗಾಯ್ತು ಎಂಬ ವರ್ಗಗಳು ಸುಲಭವಾಗಿ ಕೂರುತ್ತವೆ. ಆದರೆ ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟ, ಕಾನು ಮುಂತಾದ ಮಲೆನಾಡಿನ ಭೂಬಗೆಗಳಲ್ಲಿ ಒಡೆತನವೇ ಬೇರೆ, ಬಳಸುವ ಹಕ್ಕೇ ಬೇರೆಯಾಗಿರುವುದರಿಂದ, ಹಕ್ಕುದಾರನ ಹೆಸರಿಗೆ ಒಂದೇ ಅಂಕಣವಿರುವ ಯಾವ ನಮೂನೆಯೂ ಅವುಗಳ ವಾಸ್ತವವನ್ನು ಪೂರ್ತಿ ಹೇಳಲಾರದು. ಕಡತದ ಶಾನುಭೋಗನು ತನ್ನ ಕೈಯಾರೆ ಸೇರಿಸುತ್ತಿದ್ದ ಹೆಚ್ಚುವರಿ ಸಾಲನ್ನು ಗಣಕದ ಮುಂದೆ ಕುಳಿತ ಗ್ರಾಮ ಆಡಳಿತ ಅಧಿಕಾರಿಯು ಸೇರಿಸುವಂತಿಲ್ಲ. ಸರ್ವೆ ನಂಬರು ಮತ್ತು ಹಿಸ್ಸಾಗಳ ವಿಷಯದಲ್ಲೂ ಇಂಥದೇ ಮಾತಿದೆ: ಅವನ್ನು ಅಕ್ಷರಗಳೆಂದು ಭಾವಿಸಿ ಜೋಡಿಸುವ ತಂತ್ರಾಂಶ 9ಕ್ಕಿಂತ ಮೊದಲು 10ನ್ನು, 100ನ್ನು ಇರಿಸುತ್ತದೆ.

ಹೀಗೆ ಬೇರೆ ಬೇರೆ ಕಾಲ, ಬೇರೆ ಬೇರೆ ಕೈಗಳಿಂದ ಬಂದ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ ಶುದ್ಧಗೊಳಿಸಲು ಇಂದು ಸಂಶೋಧಕರು, ಗ್ರಂಥಪಾಲಕರು, ಪತ್ರಕರ್ತರು ಬಳಸುವ ಮುಖ್ಯ ಮುಕ್ತ ಸಾಧನ ಓಪನ್‌ರಿಫೈನ್. ಮೆಟಾವೆಬ್ ಕಂಪನಿಯಲ್ಲಿ 2010ರಲ್ಲಿ ಗ್ರಿಡ್‌ವರ್ಕ್ಸ್ ಎಂಬ ಹೆಸರಿನಿಂದ ಹುಟ್ಟಿ, ಅದೇ ವರ್ಷ ಗೂಗಲ್ ಆ ಕಂಪನಿಯನ್ನು ಕೊಂಡಾಗ ಗೂಗಲ್ ರಿಫೈನ್ ಎನಿಸಿ, 2012ರಲ್ಲಿ ಗೂಗಲ್ ಕೈಬಿಟ್ಟ ಮೇಲೆ ಬಳಕೆದಾರರ ಸಮುದಾಯವೇ ಮುಂದುವರಿಸಿದ ಈ ತಂತ್ರಾಂಶದ ಬದುಕೇ ಪ್ರಸ್ತುತ ವಿಷಯಕ್ಕೆ ಒಂದು ಪುರಾವೆ. ಆಕರ ಸಂಕೇತ ತೆರೆದಿರದಿದ್ದರೆ ಅದು ಅಂದೇ ಮುಗಿದುಹೋಗುತ್ತಿತ್ತು. ಒಂದೇ ಹೆಸರಿನ ಹಲವು ಕಾಗುಣಿತಗಳನ್ನು ಗುರುತಿಸಿ ಒಟ್ಟುಗೂಡಿಸುವುದು ಅದರ ಪ್ರಮುಖ ಶಕ್ತಿ. ಆದರೆ ಅದರ ಆರಂಭಿಕ ಹೊಂದಿಕೆಗಳು, ಅಂದರೆ ಬಳಸುವವನು ಬದಲಿಸುವ ಮುನ್ನ ಇರುವ ನೆಲೆಗಳು, ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಮಾಡಿದವು: ದೊಡ್ಡ ಮತ್ತು ಸಣ್ಣ ಅಕ್ಷರಗಳ ಭೇದವನ್ನು ಅಳಿಸುವ ಅದರ ಕ್ರಮ ಕನ್ನಡಕ್ಕೆ ಅನ್ವಯಿಸುವುದೇ ಇಲ್ಲ, ಉಚ್ಚಾರಣೆಯ ಸಾಮ್ಯವನ್ನು ಅಳೆಯುವ ವಿಧಾನಗಳು ಇಂಗ್ಲಿಷ್, ಜರ್ಮನ್ ಮುಂತಾದ ಐರೋಪ್ಯ ಹೆಸರುಗಳಿಗಾಗಿ ರಚಿತವಾದವು.

ಎರಡು ಹೆಸರುಗಳ ನಡುವಿನ ಅಂತರವನ್ನು, ಒಂದನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಬದಲಿಸಬೇಕೆಂಬ ಲೆಕ್ಕದಿಂದ ಅಳೆಯುವ ವಿಧಾನವೂ ಅದರಲ್ಲಿದೆ. ಲೆವೆನ್‌ಸ್ಟೈನ್ ಎಂಬ ರಷ್ಯನ್ ಗಣಿತಜ್ಞನ ಹೆಸರಿನ ಈ ಅಳತೆಯಲ್ಲಿ ಅನುಮತಿಸುವ ಅಂತರದ ಆರಂಭಿಕ ಹೊಂದಿಕೆ 1. ಈ ಸೀಮೆಯ ಹೆಸರುಗಳಿಗೆ ಅದನ್ನು ಅನ್ವಯಿಸಿದರೆ ಸಮಸ್ಯೆ ತಾನೇ ತಾನಾಗಿ ಹೊರಬೀಳುತ್ತದೆ. ಕೊಪ್ಪ ಮತ್ತು ಕೊಪ್ಪಳಗಳ ನಡುವಿನ ಅಂತರ ಒಂದೇ ಅಕ್ಷರವಾದ್ದರಿಂದ ಮಲೆನಾಡಿನ ತಾಲ್ಲೂಕೂ ಕಲ್ಯಾಣ ಕರ್ನಾಟಕದ ಜಿಲ್ಲೆಯೂ ಒಂದೇ ಊರೆಂದು ಯಂತ್ರ ಸೂಚಿಸಬಹುದು. ಶೃಂಗೇರಿ ಮತ್ತು ಅದನ್ನೇ ತಪ್ಪಾಗಿ ಬರೆದ ಶ್ರಂಗೇರಿಗಳ ನಡುವೆ, ಋಕಾರದ ಒಂದು ಚಿಹ್ನೆಯ ಜಾಗದಲ್ಲಿ ವಿರಾಮ ಮತ್ತು ರಕಾರ ಎಂಬ ಎರಡು ಸಂಕೇತಗಳು ಬರುವುದರಿಂದ, ಅಂತರ ಎರಡಾಗಿ ಅವು ಬೇರೆ ಬೇರೆ ಊರುಗಳಾಗಿ ಉಳಿಯುತ್ತವೆ. ಹೋಲಿಸಬೇಕಾದ ಹೆಸರುಗಳು ಕನಿಷ್ಠ ಆರು ಸಂಕೇತಗಳ ತುಣುಕೊಂದನ್ನು ಸಮಾನವಾಗಿ ಹೊಂದಿರಬೇಕೆಂಬುದು ಇನ್ನೊಂದು ಆರಂಭಿಕ ಹೊಂದಿಕೆ. ಕೊಪ್ಪ ಎಂಬ ಹೆಸರಿನಲ್ಲಿರುವುದೇ ಐದು ಸಂಕೇತ, ಆದ್ದರಿಂದ ಕನ್ನಡದ ಚಿಕ್ಕ ಹೆಸರುಗಳಿಗೆ ಈ ಮಿತಿಯನ್ನು ತಗ್ಗಿಸದೆ ಗತ್ಯಂತರವಿಲ್ಲ. ಅದೇ ಹೆಸರಿನ ಒಕಾರವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ, ಎತ್ವ ಮತ್ತು ಊಕಾರದ ಎರಡು ಚಿಹ್ನೆಗಳಾಗಿಯೂ ಬರೆಯಬಹುದಾಗಿದ್ದು, ಎರಡೂ ಸಮಾನವೆಂದು ಮಾನಕ ಹೇಳಿದರೂ, ಪಠ್ಯವನ್ನು ಮೊದಲು ಏಕರೂಪಕ್ಕೆ ತರದಿದ್ದರೆ ಕಣ್ಣಿಗೆ ಒಂದೇ ಆದ ಎರಡು ಕೊಪ್ಪಗಳು ಲೆಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತವೆ. ನರಸಿಂಹರಾಜಪುರದ ತೊಡಕು ಮತ್ತೊಂದು ಬಗೆಯದು: ಕೂಡಿಸಿ ಬರೆದದ್ದು ಮತ್ತು ಬಿಡಿಸಿ ಬರೆದದ್ದು ಪದಗಳ ನಡುವಿನ ಜಾಗವನ್ನು ಕಡೆಗಣಿಸುವ ವಿಧಾನದಿಂದ ಒಂದಾಗುತ್ತವೆಯಾದರೂ, ಎನ್. ಆರ್. ಪುರ ಎಂಬ ಸಂಕ್ಷೇಪವನ್ನಾಗಲಿ, ರೈಸ್ ಅವರ ಕಾಲದ ಯಡೇಹಳ್ಳಿ ಎಂಬ ಹಳೆಯ ಹೆಸರನ್ನಾಗಲಿ ಯಾವ ಅಳತೆಯೂ ಕೂಡಿಸಲಾರದು. ಅದಕ್ಕೆ ಊರಿನ ಇತಿಹಾಸ ಬಲ್ಲವರು ಬರೆದುಕೊಟ್ಟ ಪಟ್ಟಿಯೇ ಬೇಕು.

ನಾರ್ವೆಗಂತೂ ಹೆಸರಿನ ಸ್ಪಷ್ಟತೆಯೇ ಅಡ್ಡಿಯಾಗಿದೆ. ಪಟ್ಟಿಯ ಹೆಸರುಗಳನ್ನು 2012ರಲ್ಲಿ ಆರಂಭವಾದ ವಿಕಿಡೇಟಾ ಎಂಬ ಮುಕ್ತ ದತ್ತಾಂಶಕೋಶದ ನಮೂದುಗಳಿಗೆ ಜೋಡಿಸುವ ಸೌಲಭ್ಯ ಓಪನ್‌ರಿಫೈನಿನಲ್ಲಿದ್ದು, ಬರಿಯ ಹೆಸರನ್ನಷ್ಟೇ ಕೊಟ್ಟರೆ ಕನ್ನಡದಲ್ಲಿ ಅದೇ ಹೆಸರುಳ್ಳ ಯುರೋಪಿನ ದೇಶ ಎದುರಿಗೆ ಬರುತ್ತದೆ. ಹುಡುಕಬೇಕಾದದ್ದು ಗ್ರಾಮ ಎಂಬ ವರ್ಗ, ಅದು ಇರುವುದು ಕೊಪ್ಪ ತಾಲ್ಲೂಕಿನಲ್ಲಿ ಎಂಬ ಎರಡು ನಿರ್ಬಂಧಗಳನ್ನು ಹಾಕಿದಾಗ ಮಾತ್ರ ಯಂತ್ರದ ಹುಡುಕಾಟ ಮಲೆನಾಡಿಗೆ ತಿರುಗುತ್ತದೆ, ಅದೂ ಆ ಗ್ರಾಮದ ನಮೂದನ್ನು ಕನ್ನಡ ಹೆಸರಿನೊಡನೆ ಯಾರಾದರೂ ಮೊದಲೇ ತುಂಬಿದ್ದರೆ. ಇತ್ತೀಚಿನ ಆವೃತ್ತಿಗಳಲ್ಲಿ ಹೆಸರುಗಳನ್ನು ಗುಂಪುಗೂಡಿಸುವ ಸೂತ್ರವನ್ನು ಬಳಸುವವರೇ ಬರೆದು ಸೇರಿಸುವ ಅವಕಾಶವನ್ನು ಈ ತಂತ್ರಾಂಶ ತೆರೆದಿರುವುದರಿಂದ, ಶಕಾರ ಷಕಾರಗಳನ್ನು, ಋಕಾರ ಮತ್ತು ರಕಾರದ ಒತ್ತನ್ನು, ಅನುಸ್ವಾರ ಮತ್ತು ಅನುನಾಸಿಕಗಳನ್ನು ಸಮೀಪವೆಂದು ಎಣಿಸಿ, ಕೊಪ್ಪ ಕೊಪ್ಪಳಗಳನ್ನು ದೂರವೆಂದು ಎಣಿಸುವ ಕನ್ನಡದ್ದೇ ಆದ ಧ್ವನಿಸೂತ್ರವನ್ನು ರೂಪಿಸುವುದು ಈಗ ಕನ್ನಡ ಬಲ್ಲ ಬಳಕೆದಾರರ ಕೈಯಲ್ಲಿದೆ.